ತೂತು ಬಿದ್ದ ಉಕ್ಕನ್ನು ಓದುವುದು: ಲ್ಯಾಂಡ್ಸ್ ಎಂಡ್‌ನ ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೋ ಸ್ಮಾರಕಕ್ಕೆ ಹೋಗುವವರಿಗೆ

ಮಗಳ ಮನೆಗೆ ಬಂದಾಗಲೆಲ್ಲ ನಾನು ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಿನ ಹೋಗಿಯೇ ಹೋಗುತ್ತೇನೆ. ಗೋಲ್ಡನ್ ಗೇಟ್ ಸೇತುವೆ ನೋಡಲಿಕ್ಕಲ್ಲ. ಅದು ಮೊದಲ ಸಲ ಬಂದಾಗಲೇ ನೋಡಿ ಆಯಿತು. ನಾನು ಹೋಗುವುದು ಊರಿನ ಪಶ್ಚಿಮದ ತುದಿಗೆ, ಸಮುದ್ರಕ್ಕೆ ಬಾಗಿದ ಗುಡ್ಡಕ್ಕೆ. ಲ್ಯಾಂಡ್ಸ್ ಎಂಡ್ ಅಂತ ಅದರ ಹೆಸರು. ಅಲ್ಲಿ ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಅಮೆರಿಕನ್ ಯುದ್ಧಹಡಗಿನ ಎರಡು ತುಂಡು ಇವೆ. ಬೂದು ಬಣ್ಣದ ಉಕ್ಕು, ಮೈತುಂಬ ತೂತು. ಎರಡನೇ ಮಹಾಯುದ್ಧದಲ್ಲಿ, 1942ರ ನವೆಂಬರಿನ ಒಂದು ರಾತ್ರಿ, ಗುಂಡು ತಾಗಿ ಬಿದ್ದ ತೂತುಗಳು ಅವು.

ನಾನು ಹೊನ್ನಾವರದ ಕಡೆಯವನು. 1972ರಲ್ಲಿ ನಮ್ಮ ನೌಕಾಪಡೆ ಸೇರಿದೆ. ಕೊಚ್ಚಿಯ ಸಿಗ್ನಲ್ ಸ್ಕೂಲಿನಲ್ಲಿ ಕಲಿತು ಸಿಗ್ನಲ್‌ಮನ್ ಆದೆ. ಬಾವುಟ ಏರಿಸುವುದು, ಆಲ್ಡಿಸ್ ಲ್ಯಾಂಪ್ ಎಂಬ ದೀಪದಲ್ಲಿ ಮೋರ್ಸ್ ಸಂಕೇತ ಹೊಡೆಯುವುದು ನನ್ನ ಕೆಲಸ. ಎರಡು ವರ್ಷ ಐಎನ್‌ಎಸ್ ಮೈಸೂರು ಹಡಗಿನಲ್ಲಿದ್ದೆ. ಸ್ಯಾನ್ ಫ್ರಾನ್ಸಿಸ್ಕೋ ಹಾಗೆ ಅದೂ ಕ್ರೂಸರ್, ಅಂದರೆ ದೊಡ್ಡ ಯುದ್ಧಹಡಗು. ಗಂಡಭೇರುಂಡ ಅದರ ಲಾಂಛನ. ಎರಡನೇ ಮಹಾಯುದ್ಧದಲ್ಲಿ ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಲ್ಲಿ ಬ್ರಿಟಿಷರಿಗಾಗಿ ಕಾದಾಡಿದ ಹಡಗು, 1957ರಲ್ಲಿ ನಮ್ಮದಾಯಿತು, 1985ರಲ್ಲಿ ಸೇವೆ ಮುಗಿಸಿತು. ಸಿಗ್ನಲ್‌ಮನ್‌ನ ಜಾಗ ಹಡಗಿನ ಹೊಟ್ಟೆಯಲ್ಲಲ್ಲ, ಮೇಲೆ ಬ್ರಿಜ್, ಅಂದರೆ ಹಡಗು ನಡೆಸುವ ಕಟ್ಟೆಯ ಹತ್ತಿರ, ಗಾಳಿಗೆ ಮೈಯೊಡ್ಡಿ ನಿಲ್ಲುವ ಕಡೆ. ಅದಕ್ಕೇ ಲ್ಯಾಂಡ್ಸ್ ಎಂಡ್‌ನ ಆ ಎರಡು ತುಂಡು ಕಂಡ ಕೂಡಲೇ ಅವು ಏನೆಂದು ನನಗೆ ಗೊತ್ತಾಯಿತು. ಬ್ರಿಜ್‌ನಿಂದ ಎಡಕ್ಕೂ ಬಲಕ್ಕೂ ತೋಳು ಚಾಚಿದಂತೆ ಹೊರಗೆ ಬರುವ ಮೊಗಸಾಲೆಗಳು. ಬ್ರಿಜ್ ವಿಂಗ್ ಅಂತ ಕರೆಯುತ್ತಾರೆ. ನನ್ನಂಥವರು ನಿಲ್ಲುವ ಜಾಗ. ಮಗಳು ಹಿಂದಿನಿಂದ ಕರೆಯುತ್ತಿದ್ದಳು, ನನಗೆ ಕೇಳಿಸಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರು ಸಾವಿರಾರು ಮಂದಿ ಇದ್ದಾರೆ. ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ಈ ಸ್ಮಾರಕದ ಪಕ್ಕದಲ್ಲೇ ಕಾರು ನಿಲ್ಲಿಸಿ, ಸಮುದ್ರದ ಫೋಟೊ ತೆಗೆದು, ಹಿಂದಿರುಗುವುದನ್ನು ನೋಡಿದ್ದೇನೆ. ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮುನ್ನ, ಮನೆಯಲ್ಲಿ

ಅರ್ಧ ಗಂಟೆ ಸಾಕು. ಹದಿಮೂರು ಶೇಂಗಾ ಬೀಜ ತೆಗೆದುಕೊಳ್ಳಿ. ಊಟದ ಮೇಜಿನ ಮೇಲೆ ಸಾಲಾಗಿ ಇಡಿ. ಇದು ಆ ರಾತ್ರಿಯ ಅಮೆರಿಕನ್ ಪಡೆ, ರಿಯರ್ ಅಡ್ಮಿರಲ್ ಡೇನಿಯಲ್ ಕ್ಯಾಲಹನ್ ಅವರದ್ದು. ಮುಂದೆ ನಾಲ್ಕು ಡಿಸ್ಟ್ರಾಯರ್ (ಕ್ರೂಸರ್‌ಗಿಂತ ಸಣ್ಣ, ವೇಗದ ಯುದ್ಧಹಡಗು), ನಡುವೆ ಐದು ಕ್ರೂಸರ್, ಹಿಂದೆ ಮತ್ತೆ ನಾಲ್ಕು ಡಿಸ್ಟ್ರಾಯರ್. ಐದನೆಯದು ಅಟ್ಲಾಂಟಾ. ಆರನೆಯದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋ. ಎಂಟನೆಯದು ಹೆಲೆನಾ. ಒಂಬತ್ತನೆಯದು ಜುನೋ. ಈ ನಾಲ್ಕನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಎದುರಿಗೆ ಎರಡು ದೊಡ್ಡ ಗೋಡಂಬಿ ಇಡಿ. ಅವು ಜಪಾನಿನ ಬ್ಯಾಟಲ್‌ಶಿಪ್‌ಗಳು, ಅಂದರೆ ಕ್ರೂಸರ್‌ಗಿಂತಲೂ ದೊಡ್ಡ ಫಿರಂಗಿಯ ಹಡಗುಗಳು, ಹಿಯೇ ಮತ್ತು ಕಿರಿಶಿಮಾ. ಜೊತೆಗೆ ಅವರ ಒಂದು ಕ್ರೂಸರ್, ಡಿಸ್ಟ್ರಾಯರ್‌ಗಳು. ಸೊಲೊಮನ್ ದ್ವೀಪಗಳಲ್ಲಿ ಗ್ವಾಡಲ್‌ಕೆನಾಲ್ ಎಂಬ ದ್ವೀಪ ಇದೆ. ಅಲ್ಲಿನ ಹೆಂಡರ್ಸನ್ ಫೀಲ್ಡ್ ವಿಮಾನ ನಿಲ್ದಾಣ ಅಮೆರಿಕನ್ನರ ಕೈಯಲ್ಲಿತ್ತು. ಅದನ್ನು ರಾತ್ರೋರಾತ್ರಿ ಪುಡಿ ಮಾಡಿ ಹೋಗುವುದು ಜಪಾನಿನವರ ಯೋಜನೆ. ಅವರನ್ನು ತಡೆಯಲು ಇದ್ದದ್ದು ಈ ಹದಿಮೂರು ಹಡಗು.

ಇದನ್ನು ಮಕ್ಕಳಿಗೆ ಹೇಳುವಾಗ ಒಂದು ಮಾತು ಬಿಡಬೇಡಿ. ಹೆಲೆನಾದಲ್ಲಿ ಹೊಸ ನಮೂನೆಯ ಒಳ್ಳೆಯ ರೇಡಾರ್ ಇತ್ತು. ಅಡ್ಮಿರಲ್ ಇದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಇರಲಿಲ್ಲ. ಅಂದರೆ ಕಣ್ಣು ಒಂದು ಹಡಗಿನಲ್ಲಿ, ಬಾಯಿ ಇನ್ನೊಂದು ಹಡಗಿನಲ್ಲಿ. ಕಂಡದ್ದನ್ನು ರೇಡಿಯೋದಲ್ಲಿ ಹೇಳಬೇಕು. ಎಲ್ಲರೂ ಅದೇ ರೇಡಿಯೋದಲ್ಲಿ ಮಾತನಾಡುತ್ತಿದ್ದರು. ಸಿಗ್ನಲ್ ಕೆಲಸ ಮಾಡಿದವನಾಗಿ ನನಗೆ ಈ ಯುದ್ಧದ ಕಥೆಯಲ್ಲಿ ಎಲ್ಲಕ್ಕಿಂತ ಹೊಟ್ಟೆ ಕಿವುಚುವುದು ಈ ಸಂಗತಿಯೇ. ಹೆಲೆನಾ 13ರ ಬೆಳಗಿನ ಜಾವ 1:24ಕ್ಕೆ ಶತ್ರುವನ್ನು ಕಂಡಿತು. ಗುಂಡು ಹಾರಿದ್ದು 1:48ರ ಹೊತ್ತಿಗೆ. ಆ ಇಪ್ಪತ್ತನಾಲ್ಕು ನಿಮಿಷದಲ್ಲಿ ಎರಡು ಪಡೆಗಳೂ ಕತ್ತಲಲ್ಲಿ ಒಂದರೊಳಗೊಂದು ನುಗ್ಗಿ ಆಗಿತ್ತು.

ಈಗ ಶೇಂಗಾ ಸಾಲನ್ನೂ ಗೋಡಂಬಿಗಳನ್ನೂ ಕೈಯಿಂದ ಕಲಸಿಬಿಡಿ. ಯುದ್ಧ ಹಾಗಿತ್ತು. ಲ್ಯಾಫಿ ಎಂಬ ಪುಟ್ಟ ಡಿಸ್ಟ್ರಾಯರ್ ಹಿಯೇಯ ಮೂತಿಯ ಮುಂದೆ ಇಪ್ಪತ್ತು ಅಡಿ ಅಂತರದಲ್ಲಿ ಹಾದುಹೋಯಿತು. ಕ್ಯಾಲಹನ್ ಕೊಟ್ಟ ಆಜ್ಞೆಯನ್ನೂ ಮಕ್ಕಳಿಗೆ ಹೇಳಿ: ಸಾಲಿನಲ್ಲಿ ಬೆಸ ಸಂಖ್ಯೆಯ ಹಡಗುಗಳು ಬಲಕ್ಕೆ ಗುಂಡು ಹಾರಿಸಲಿ, ಸಮ ಸಂಖ್ಯೆಯವು ಎಡಕ್ಕೆ. ನನ್ನ ಮೊಮ್ಮಗ ತಕ್ಷಣ ಕೇಳಿದ, "ಅಜ್ಜ, ಎಡಕ್ಕೆ ಯಾರೂ ಇಲ್ಲದಿದ್ರೆ?" ಅದೇ ಪ್ರಶ್ನೆ ಅಂದು ಹಲವು ಹಡಗುಗಳ ಗನ್ನರ್‌ಗಳಿಗೂ ಬಂದಿತ್ತು.

ಉಟ್ಟುಕೊಳ್ಳುವುದು, ಹೋಗುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಯಾನ್ ಹೊಸೆಯಲ್ಲಿ, ಫ್ರೀಮಾಂಟಿನಲ್ಲಿ ಬಿಸಿಲು ಇದೆ ಅಂತ ಹತ್ತಿ ಅಂಗಿಯಲ್ಲಿ ಹೊರಡಬೇಡಿ. ಜುಲೈ, ಆಗಸ್ಟಿನಲ್ಲಿ ಈ ಗುಡ್ಡದ ಮೇಲೆ ಮಂಜು, ಚಳಿ. ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಸೀರೆ ಉಡುವವರು ಒಳಗೆ ಥರ್ಮಲ್ ಹಾಕಿಕೊಳ್ಳಿ, ಕಾಲಿಗೆ ಶೂ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ. ಆದರೆ ನನ್ನನ್ನು ಕೇಳಿದರೆ ಮಂಜಿನ ದಿನವೂ ಒಳ್ಳೆಯದೇ. ಸಮುದ್ರ ಕಾಣದಿದ್ದಾಗ ಉಕ್ಕು ಜಾಸ್ತಿ ಕಾಣುತ್ತದೆ.

ಕಾರಿನಲ್ಲಾದರೆ ಗಿಯರಿ ಬುಲೆವಾರ್ಡಿನ ಕೊನೆಗೆ ಬಂದು ಪಾಯಿಂಟ್ ಲೋಬೋಸ್ ಅವೆನ್ಯೂ ಹಿಡಿಯಿರಿ. ಎಲ್ ಕಾಮಿನೋ ಡೆಲ್ ಮಾರ್ ಎಂಬ ರಸ್ತೆಯ ತುದಿಯಲ್ಲಿರುವ ಮೇಲಿನ ಪಾರ್ಕಿಂಗಿಗೆ ಸ್ಮಾರಕ ಅಂಟಿಕೊಂಡೇ ಇದೆ. ಮೊಣಕಾಲು ನೋವಿರುವವರಿಗೆ ಇದೇ ಸರಿ. ನಡೆಯಬಲ್ಲವರು ಕೆಳಗೆ ಮೆರಿ ವೇ ಪಾರ್ಕಿಂಗಿನಲ್ಲಿ ನಿಲ್ಲಿಸಿ ಕಾಲುದಾರಿಯಲ್ಲಿ ಮೇಲೆ ಬರಬಹುದು. ಅಲ್ಲಿ ಲ್ಯಾಂಡ್ಸ್ ಎಂಡ್ ಲುಕ್‌ಔಟ್ ಎಂಬ ಕೇಂದ್ರ ಇದೆ. ಶೌಚಾಲಯಕ್ಕೆ ಮೊದಲೇ ಅಲ್ಲಿಗೆ ಹೋಗಿ ಬನ್ನಿ. ಕಾರಿನಲ್ಲಿ ಬ್ಯಾಗು, ಫೋನು ಕಣ್ಣಿಗೆ ಕಾಣುವ ಹಾಗೆ ಬಿಡಬೇಡಿ. ಈ ಊರಿನಲ್ಲಿ ಗಾಜು ಒಡೆಯುವವರು ಇದ್ದಾರೆ. ಬಸ್ಸಿನಲ್ಲಾದರೆ 38 ನಂಬರಿನ ಗಿಯರಿ ಬಸ್ಸು. ಪಾಯಿಂಟ್ ಲೋಬೋಸ್, 48ನೇ ಅವೆನ್ಯೂಗೆ ಹೋಗುತ್ತದಾ ಅಂತ ಡ್ರೈವರನ್ನು ಕೇಳಿ ಹತ್ತಿ. ನಾನು ಒಬ್ಬನೇ ಬರುವುದು ಹಾಗೆಯೇ. ಸ್ಮಾರಕಕ್ಕೆ ಟಿಕೆಟ್ ಇಲ್ಲ.

ಮೊದಲು ಫಲಕ ಓದಬೇಡಿ

ಇಲ್ಲಿ ನನ್ನ ಮುಖ್ಯ ಮಾತು. ನಾವೆಲ್ಲ ಎಲ್ಲಿಗೆ ಹೋದರೂ ಬೋರ್ಡು ಕಂಡರೆ ಅದನ್ನೇ ಮೊದಲು ಓದುತ್ತೇವೆ. ಓದಿ ಆದಮೇಲೆ ವಸ್ತುವನ್ನು ನೋಡುವುದೇ ಇಲ್ಲ. ಇಲ್ಲಿ ಹಾಗೆ ಮಾಡಬೇಡಿ. ನೇರ ಉಕ್ಕಿನ ಹತ್ತಿರ ಹೋಗಿ. ಕೈಗವಸು ತೆಗೆಯಿರಿ.

ಅಂಗೈ ಇಡಿ. ತಣ್ಣಗಿರುತ್ತದೆ. ಇದು ಮಾದರಿಯಲ್ಲ, ಯಾರೋ ಶಿಲ್ಪಿ ಮಾಡಿದ್ದಲ್ಲ. 1933ರಲ್ಲಿ ಇದೇ ಕೊಲ್ಲಿಯ ಉತ್ತರಕ್ಕೆ, ವಲ್ಲೇಹೋ ಊರಿನ ಮೇರ್ ಐಲೆಂಡ್ ನೌಕಾಂಗಣದಲ್ಲಿ ನೀರಿಗಿಳಿದ ಹಡಗಿನ ಮೈ. ಆ ರಾತ್ರಿಯ ಕಾದಾಟದ ನಂತರ ಅದೇ ಮೇರ್ ಐಲೆಂಡಿಗೆ ಹಡಗು ರಿಪೇರಿಗೆ ಬಂತು. ಚೂರಾದ ಈ ಬ್ರಿಜ್ ರೆಕ್ಕೆಗಳನ್ನು ಕಿತ್ತು ಹೊಸದು ಹಾಕಿದರು. ಕಿತ್ತದ್ದನ್ನು ಗುಜರಿಗೆ ಹಾಕದೆ ಉಳಿಸಿದರು. 1950ರಲ್ಲಿ ಇಲ್ಲಿ ತಂದು ನಿಲ್ಲಿಸಿದರು. ಹಡಗು ಮಾತ್ರ ಉಳಿಯಲಿಲ್ಲ, 1959ರಲ್ಲಿ ಗುಜರಿಗೆ ಮಾರಾಟವಾಯಿತು. ನನ್ನ ಮೈಸೂರು ಹಡಗೂ ಹಾಗೇ ಹೋಯಿತು. ಅದರದ್ದು ಮುಟ್ಟಲಿಕ್ಕೆ ಒಂದು ತುಂಡು ಎಲ್ಲಿದೆ ಅಂತ ನಾನು ಇವತ್ತಿಗೂ ಹುಡುಕುತ್ತೇನೆ. ಅದಕ್ಕೇ ಇರಬೇಕು, ಇಲ್ಲಿ ಕೈ ಇಟ್ಟರೆ ತೆಗೆಯಲು ಮನಸ್ಸಾಗುವುದಿಲ್ಲ.

ಈಗ ತೂತು ಓದುವುದನ್ನು ಕಲಿಯೋಣ. ಹಳೆಯ ಎಣ್ಣೆ ಡಬ್ಬಿಗೆ ಮೊಳೆ ಹೊಡೆದದ್ದು ನೆನಪಿದೆಯಾ? ಮೊಳೆ ಒಳಹೋಗುವ ಕಡೆ ತಗಡಿನ ಅಂಚು ಒಳಕ್ಕೆ ಬಾಗುತ್ತದೆ. ಹೊರಬರುವ ಕಡೆ ದಾಸವಾಳದ ಎಸಳಿನ ಹಾಗೆ ಹೊರಕ್ಕೆ ಬಿರಿಯುತ್ತದೆ. ಇಲ್ಲೂ ಅಷ್ಟೇ. ಒಂದು ತೂತಿನ ಅಂಚಿನ ಸುತ್ತ ಬೆರಳು ಆಡಿಸಿ. ಲೋಹ ಯಾವ ಕಡೆಗೆ ಬಾಗಿದೆ ನೋಡಿ. ಬಂದದ್ದು ಎಲ್ಲಿಂದ, ಹೋದದ್ದು ಎಲ್ಲಿಗೆ ಅಂತ ಗೊತ್ತಾಗುತ್ತದೆ. ಅಂಚು ಚೂಪಾಗಿರಬಹುದು, ಮಕ್ಕಳ ಕೈಯನ್ನು ನಿಮ್ಮ ಕೈಯೊಳಗೆ ಹಿಡಿದು ಮಾಡಿಸಿ.

ಆಮೇಲೆ ತೂತಿನ ಅಳತೆ ನೋಡಿ. ಎಲ್ಲವೂ ಒಂದೇ ಗಾತ್ರದ್ದಲ್ಲ. ದೊಡ್ಡ ಗುಂಡು ನೇರ ಹೊಕ್ಕ ಜಾಗ ಬೇರೆ. ಹತ್ತಿರದಲ್ಲಿ ಸಿಡಿದ ಗುಂಡಿನ ಚೂರುಗಳು ಜರಡಿ ಮಾಡಿದ ಜಾಗ ಬೇರೆ. ಆ ಸಣ್ಣ ತೂತುಗಳ ಎತ್ತರ ಗಮನಿಸಿ. ನಿಮ್ಮ ಸೊಂಟ, ನಿಮ್ಮ ಎದೆ. ಬ್ರಿಜ್‌ನ ಗೋಡೆ ಹಡಗಿನ ಹೊಟ್ಟೆಯ ಕವಚದಷ್ಟು ದಪ್ಪ ಇರುವುದಿಲ್ಲ. ಇದರ ಹಿಂದೆ ಮನುಷ್ಯರು ನಿಂತಿದ್ದರು. ನಾನು ಇಲ್ಲಿ ಪ್ರತಿ ಸಲ ಸುಮ್ನೆ ಎರಡು ನಿಮಿಷ ನಿಲ್ಲುತ್ತೇನೆ. ನೀವೂ ನಿಲ್ಲಿ. ಮಕ್ಕಳಿಗೂ ಆಗ ಏನೂ ಹೇಳಬೇಡಿ.

ಸ್ಯಾನ್ ಫ್ರಾನ್ಸಿಸ್ಕೋಗೆ ಆ ರಾತ್ರಿ 45 ಗುಂಡು ತಾಗಿದವು. ಹಡಗಿನಲ್ಲಿ 22 ಕಡೆ ಬೆಂಕಿ ಹತ್ತಿತು. ಹಿಯೇ ಸುಮಾರು ಎರಡೂಕಾಲು ಕಿಲೋಮೀಟರ್ ದೂರದಿಂದ ಹದಿನಾಲ್ಕು ಇಂಚಿನ ಫಿರಂಗಿ ಹಾರಿಸಿತು. ಅಂಥ ಫಿರಂಗಿಗೆ ಅದು ದೂರವೇ ಅಲ್ಲ. ಆದರೂ ಈ ಹಡಗು ಮುಳುಗಲಿಲ್ಲ, ಯಾಕೆ? ಹಿಯೇ ಬಂದದ್ದು ವಿಮಾನ ನಿಲ್ದಾಣ ಸುಡಲಿಕ್ಕೆ. ಅದರ ಫಿರಂಗಿಗಳಲ್ಲಿ ಕವಚ ಕೊರೆಯುವ ಗುಂಡು ತುಂಬಿರಲಿಲ್ಲ, ನೆಲದ ಮೇಲಿನ ಗುರಿಗೆ ಬಳಸುವ ಗುಂಡು ತುಂಬಿತ್ತು. ಇನ್ನೊಂದು, ನೀರಿನ ಮಟ್ಟಕ್ಕಿಂತ ಕೆಳಗೆ ಒಂದೂ ಏಟು ಬೀಳಲಿಲ್ಲ. ಮೇಲಿದ್ದವರಲ್ಲಿ ಹಲವರು ಸತ್ತರು, ಹಡಗು ಬದುಕಿತು. ನೀವು ಮುಟ್ಟುತ್ತಿರುವ ಈ ಮೇಲಿನ ಉಕ್ಕು ಅದರ ಸಾಕ್ಷಿ.

ಎರಡು ರೆಕ್ಕೆಗಳ ನಡುವೆ ನಿಂತು

ಈಗ ಎರಡು ತುಂಡುಗಳ ನಡುವೆ ಬನ್ನಿ. ಸಮುದ್ರಕ್ಕೆ ಮುಖ ಮಾಡಿ. ಈ ಸ್ಮಾರಕವನ್ನು ಬೇಕಾಬಿಟ್ಟಿ ನಿಲ್ಲಿಸಿಲ್ಲ. ಇಲ್ಲಿಂದ ಗ್ವಾಡಲ್‌ಕೆನಾಲ್‌ಗೆ ಹೋಗುವ ಅತಿ ಹತ್ತಿರದ ಸಮುದ್ರಮಾರ್ಗದ ದಿಕ್ಕಿಗೆ ನಿಲ್ಲಿಸಿದ್ದಾರೆ. ಸುಮಾರು 9,500 ಕಿಲೋಮೀಟರ್.

ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಈ ದಿಕ್ಕು ಸಿಗುವುದಿಲ್ಲ. ಹೋಗುವಾಗ ಚೀಲದಲ್ಲಿ ಒಂದು ಕಿತ್ತಳೆ ಹಣ್ಣು, ಒಂದು ದಾರ ಇಟ್ಟುಕೊಳ್ಳಿ. ಹಣ್ಣಿನ ಮೇಲೆ ಎರಡು ಚುಕ್ಕೆ ಹಾಕಿ, ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿ ಹತ್ತಿರದ ದಾರಿ ಹಿಡಿಯುತ್ತದೆ. ನಾವಿಕರು ಇದನ್ನು ಗ್ರೇಟ್ ಸರ್ಕಲ್ ಅಂತ ಕರೆಯುತ್ತಾರೆ. ಇಲ್ಲಿ ಆ ದಾರ ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಹೊರಡುತ್ತದೆ. ಪಾಠ ಮುಗಿದ ಮೇಲೆ ಹಣ್ಣು ಹಂಚಿ ತಿನ್ನಿ.

ಹಾಗೆ ನಿಂತಾಗ ನೀವು ನಿಂತಿರುವುದು ಬ್ರಿಜ್‌ನಲ್ಲಿ. ಬ್ರಿಜ್‌ನಲ್ಲೇ ಆ ರಾತ್ರಿ ಅಡ್ಮಿರಲ್ ಕ್ಯಾಲಹನ್ ಸತ್ತರು. ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಹಡಗಿನ ಕ್ಯಾಪ್ಟನ್ ಕ್ಯಾಸಿನ್ ಯಂಗ್‌ಗೆ ಪ್ರಾಣ ಹೋಗುವಂಥ ಗಾಯ ಆಯಿತು. ಅಡ್ಮಿರಲ್‌ನ ಸಿಬ್ಬಂದಿಯಲ್ಲಿ ಹೆಚ್ಚಿನವರು ಸತ್ತರು. ಹಡಗು ಓಡುತ್ತಲೇ ಇತ್ತು, ನಡೆಸುವವರಿಲ್ಲ. ಆಗ ಬ್ರಿಜ್‌ನಲ್ಲಿ ಎದ್ದು ನಿಲ್ಲಬಲ್ಲ ಅಧಿಕಾರಿ ಅಂದರೆ ಲೆಫ್ಟಿನೆಂಟ್ ಕಮಾಂಡರ್ ಬ್ರೂಸ್ ಮೆಕ್‌ಕ್ಯಾಂಡ್ಲೆಸ್. ಅವರು ಹಡಗಿನ ಸಂಪರ್ಕ ಅಧಿಕಾರಿ. ನಮ್ಮ ವಿಭಾಗದವರು! ಗಾಯವಾಗಿ ಎಚ್ಚರ ತಪ್ಪಿ ಬಿದ್ದಿದ್ದವರು ಎದ್ದು ಹಡಗನ್ನು ಕೈಗೆ ತೆಗೆದುಕೊಂಡರು.

ನಿಯಮದ ಪ್ರಕಾರ ಹಡಗು ಅವರ ಕೈಗೆ ಬರಬೇಕಾಗಿರಲಿಲ್ಲ. ಅವರಿಗಿಂತ ಹಿರಿಯರೊಬ್ಬರು ಬದುಕಿದ್ದರು. ಲೆಫ್ಟಿನೆಂಟ್ ಕಮಾಂಡರ್ ಹರ್ಬರ್ಟ್ ಶಾನ್‌ಲೆಂಡ್. ಅವರು ಕೆಳಗೆ ಸೊಂಟದವರೆಗಿನ ನೀರಿನಲ್ಲಿ, ಕೈ ಲ್ಯಾಂಟರ್ನ್ ಬೆಳಕಿನಲ್ಲಿ, ಒಳನುಗ್ಗಿದ ನೀರನ್ನು ಹೊರಹಾಕಿಸುತ್ತಿದ್ದರು. ತಾನೇ ಈಗ ಹಡಗಿನ ಕಮಾಂಡರ್ ಅಂತ ಗೊತ್ತಾಯಿತು. ಮೇಲೆ ಬರಲಿಲ್ಲ. ನೀನೇ ನಡೆಸು, ನಾನು ಹಡಗನ್ನು ತೇಲಿಸುತ್ತೇನೆ ಎಂಬ ಅರ್ಥದಲ್ಲಿ ಮೇಲಿನವನಿಗೆ ಒಪ್ಪಿಗೆ ಕೊಟ್ಟು ತನ್ನ ಕೆಲಸದಲ್ಲೇ ಉಳಿದರು. ಹಡಗಿನಲ್ಲಿ ಇದ್ದವನಿಗೆ ಇದರ ತೂಕ ಗೊತ್ತು. ಬ್ರಿಜ್‌ಗೆ ಏರುವುದು ಪ್ರತಿಯೊಬ್ಬ ಅಧಿಕಾರಿಯ ಆಸೆ. ಬೆಂಕಿ ಹತ್ತಿದ ಹಡಗಿನಲ್ಲಿ ಕೆಳಗೆ ಉಳಿಯುವುದು ಯಾರ ಆಸೆಯೂ ಅಲ್ಲ. ಈ ಸ್ಮಾರಕದಲ್ಲಿ ಇರುವುದು ಬ್ರಿಜ್ ಮಾತ್ರ. ಹಾಗಾಗಿ ಇಲ್ಲಿ ನಿಂತಾಗ ನಿಮ್ಮ ಕಾಲ ಕೆಳಗೆ ಹಲವು ಮಹಡಿ ಆಳದಲ್ಲಿ ಶಾನ್‌ಲೆಂಡ್ ಇದ್ದಾರೆ ಅಂತ ನೀವೇ ನೆನೆಯಬೇಕು.

ಮೂರನೆಯವರು ಬೋಸನ್ಸ್ ಮೇಟ್ ರೈನ್‌ಹಾರ್ಟ್ ಕೆಪ್ಲರ್. ಅಧಿಕಾರಿಯಲ್ಲ, ನಮ್ಮಂಥ ಸೇಲರ್. ಹಿಂದಿನ ಮಧ್ಯಾಹ್ನ, ಅಂದರೆ 12ರಂದು, ಏಟು ತಿಂದ ಜಪಾನಿ ವಿಮಾನವೊಂದು ಹಡಗಿನ ಹಿಂಭಾಗಕ್ಕೆ ಬಂದು ಅಪ್ಪಳಿಸಿತ್ತು. ಆಗ ಗಾಯಾಳುಗಳನ್ನು ಎತ್ತಿದವರಲ್ಲಿ ಇವರೂ ಒಬ್ಬರು. ರಾತ್ರಿ ಮತ್ತೆ ಬೆಂಕಿ. ತನಗೇ ಗಾಯವಾಗಿದ್ದರೂ ಹೋಸ್ ಪೈಪ್ ಎಳೆದುಕೊಂಡು ಬೆಂಕಿಗೆ ನುಗ್ಗಿದರು, ರಕ್ತ ಬಸಿದು ಕುಸಿದು ಬೀಳುವವರೆಗೂ ಬಿಡಲಿಲ್ಲ. ಕ್ಯಾಲಹನ್, ಮೆಕ್‌ಕ್ಯಾಂಡ್ಲೆಸ್, ಶಾನ್‌ಲೆಂಡ್, ಕೆಪ್ಲರ್. ಈ ನಾಲ್ವರಿಗೂ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿತು. ಕ್ಯಾಪ್ಟನ್ ಯಂಗ್‌ಗೆ ಅದು ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ದಿನದ ಕೆಲಸಕ್ಕೆ ಮೊದಲೇ ಬಂದಿತ್ತು.

ಮಕ್ಕಳು ಇಷ್ಟರಲ್ಲಿ ಆಕಳಿಸಿದರೆ ಅವರಿಗೆ ಒಂದು ಫೋಟೊ ತೋರಿಸಿ. ನೀಲಿ ಭೂಮಿಯ ಮೇಲೆ, ಯಾವ ಹಗ್ಗವೂ ಇಲ್ಲದೆ, ಒಬ್ಬನೇ ತೇಲುತ್ತಿರುವ ಗಗನಯಾತ್ರಿಯ ಫೋಟೊ. 1984ರದ್ದು. ಎಲ್ಲ ಮಕ್ಕಳೂ ನೋಡಿರುತ್ತಾರೆ. ಆತ ಎರಡನೇ ಬ್ರೂಸ್ ಮೆಕ್‌ಕ್ಯಾಂಡ್ಲೆಸ್, ಈ ಬ್ರಿಜ್‌ನಲ್ಲಿ ಎದ್ದು ನಿಂತವರ ಮಗ. ನನ್ನ ಮೊಮ್ಮಗ ಈ ಮಾತು ಕೇಳಿ ಮತ್ತೆ ಓಡಿಹೋಗಿ ತೂತಿಗೆ ಕಣ್ಣಿಟ್ಟು ನೋಡಿದ.

ಈಗ ಹೆಸರುಗಳು

ಈಗ ಫಲಕದ ಹತ್ತಿರ ಹೋಗಿ. ಕಂಚಿನಲ್ಲಿ ಸತ್ತವರ ಹೆಸರಿದೆ. ಆ ಯುದ್ಧದಲ್ಲಿ ಈ ಹಡಗಿನ 77 ಮಂದಿ ಸತ್ತರು, 105 ಮಂದಿಗೆ ಗಾಯವಾಯಿತು.

ಎಲ್ಲ ಹೆಸರನ್ನೂ ಗಡಿಬಿಡಿಯಲ್ಲಿ ಓದಬೇಡಿ. ಒಂದನ್ನು ಆರಿಸಿ. ಅದನ್ನು ಬಾಯಿ ಬಿಟ್ಟು ಹೇಳಿ. ಪರದೇಶದ ಹೆಸರು ನಾಲಿಗೆಗೆ ತೊಡಕಾದರೂ ಪರವಾಗಿಲ್ಲ, ಹೇಳಿ. ನಾನು ನೌಕಾಪಡೆ ಸೇರುವ ಹಿಂದಿನ ವರ್ಷ, 1971ರ ಡಿಸೆಂಬರ್ 9ರಂದು, ದಿಯು ಹತ್ತಿರ ನಮ್ಮ ಐಎನ್‌ಎಸ್ ಖುಕ್ರಿ ಟಾರ್ಪೆಡೊ ತಾಗಿ ಮುಳುಗಿತು. 18 ಅಧಿಕಾರಿಗಳು, 176 ಸೇಲರ್‌ಗಳು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆಗೇ ಹೋದರು. ನಾವು ಟ್ರೇನಿಂಗಿನಲ್ಲಿದ್ದಾಗ ಹಿರಿಯರು ಖುಕ್ರಿಯ ಮಾತು ಬಂದರೆ ಒಟ್ಟು ಲೆಕ್ಕ ಹೇಳುತ್ತಿರಲಿಲ್ಲ. ತಮಗೆ ಗೊತ್ತಿದ್ದ ಒಬ್ಬನ ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ನಾನು ಅವರಿಂದ ಕಲಿತದ್ದು ಅದು. ದಿಯುವಿನಲ್ಲೂ ಸಮುದ್ರದ ದಂಡೆಗೆ ಖುಕ್ರಿ ಸ್ಮಾರಕ ಇದೆ. ಅಲ್ಲಿಗೂ ಹೋಗಿ, ಅಲ್ಲೂ ಹೀಗೇ ಮಾಡಿ.

ಹೂವು ಇಡುವುದಾದರೆ ದಾರ, ಪ್ಲಾಸ್ಟಿಕ್ ಇಲ್ಲದೆ ಒಂದೆರಡು ಬಿಡಿ ಹೂವು ಇಡಿ. ಗಾಳಿಗೆ ಹಾರಿ ಹೋದದ್ದು ಸಮುದ್ರ ಸೇರುತ್ತದೆ. ಕುಂಕುಮ, ಎಣ್ಣೆ ಬೇಡ, ಕಂಚಿಗೂ ಕಲ್ಲಿಗೂ ಕಲೆ ಬೀಳುತ್ತದೆ. ಹಿರಿಯರೊಬ್ಬರು ಇನ್ನೊಂದು ಕಡೆ ತಲೆ ಬಾಗಿಸಿ ನಿಂತಿದ್ದರೆ ಕಾಯಿರಿ. ಮಕ್ಕಳು ಉಕ್ಕಿನ ಮೇಲೆ ಹತ್ತಲು ನೋಡುತ್ತಾರೆ. ಬೈಯಬೇಡಿ. ಇದು ಯಾರೋ ಸತ್ತ ಜಾಗ, ಕೈಯಿಂದ ಮುಟ್ಟೋಣ, ಕಾಲು ಬೇಡ ಅಂದರೆ ಸಾಕು. ನಮ್ಮ ಮಕ್ಕಳಿಗೆ ಕಾಲು ತಾಗಿಸಬಾರದು ಎಂಬುದು ಬೇಗ ಅರ್ಥ ಆಗುತ್ತದೆ, ಅಲ್ವಾ.

ಇಲ್ಲಿಲ್ಲದವರನ್ನೂ ಸೇರಿಸಿಕೊಳ್ಳಿ

ಒಂದು ಹಡಗಿನ ಸ್ಮಾರಕ ಆ ಹಡಗಿನವರನ್ನು ನೆನೆಯುತ್ತದೆ. ಅದು ಸರಿಯೇ. ಆದರೆ ಮೇಜಿನ ಮೇಲಿನ ಶೇಂಗಾ ಸಾಲು ನೆನಪಿದೆಯಲ್ಲ? ಐದನೆಯದು ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೋದ ಮುಂದೆಯೇ ಇದ್ದದ್ದು. ಸಾಲು ಚದುರಿದಾಗ ಅದು ನಡುವೆ ಸಿಕ್ಕಿಹಾಕಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಗುಂಡುಗಳು ಕತ್ತಲಲ್ಲಿ ತಮ್ಮದೇ ಅಟ್ಲಾಂಟಾಕ್ಕೆ ಬಡಿದವು. ಆ ಹಡಗಿನಲ್ಲಿದ್ದ ಅಡ್ಮಿರಲ್ ನಾರ್ಮನ್ ಸ್ಕಾಟ್ ಸತ್ತರು. ಇದನ್ನು ಮಕ್ಕಳಿಗೆ ಹೇಳಬೇಕಾ ಅಂತ ಮಗಳು ಕೇಳಿದಳು. ಹೇಳಬೇಕು ತಂಗಿ ಅಂದೆ. ಧೈರ್ಯದ ಕಥೆ ಹೇಳಿ ಇದನ್ನು ಮುಚ್ಚಿದರೆ ರಾತ್ರಿಯ ಯುದ್ಧ ಅಂದರೆ ಏನು ಅಂತ ಅವರಿಗೆ ಗೊತ್ತಾಗುವುದಿಲ್ಲ.

ಒಂಬತ್ತನೆಯದು ಜುನೋ. ಅದಕ್ಕೂ ಏಟು ಬಿದ್ದಿತ್ತು, ಆದರೆ ಬೆಳಗಾದಾಗ ತೇಲುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ತುಂಬ ಗಾಯಾಳುಗಳು. ಹಾಗಾಗಿ ಜುನೋ ತನ್ನ ಒಬ್ಬ ಡಾಕ್ಟರನ್ನೂ ಮೂವರು ಸಹಾಯಕರನ್ನೂ ದೋಣಿಯಲ್ಲಿ ಇಲ್ಲಿಗೆ ಕಳಿಸಿತು. ಸ್ವಲ್ಪ ಹೊತ್ತಿಗೆ ಜಪಾನಿನ ಐ-26 ಸಬ್‌ಮರೀನ್ ಬಿಟ್ಟ ಟಾರ್ಪೆಡೊ ಸ್ಯಾನ್ ಫ್ರಾನ್ಸಿಸ್ಕೋಗೆ ತಾಗದೆ ಜುನೋಗೆ ತಾಗಿತು. ಜುನೋ ಒಂದೇ ಸಿಡಿತಕ್ಕೆ ಇಲ್ಲವಾಯಿತು. ಅದರಲ್ಲಿ ಸಲಿವನ್ ಮನೆಯ ಐವರು ಅಣ್ಣತಮ್ಮಂದಿರಿದ್ದರು. ಐವರೂ ಹೋದರು. ನೀರಿಗೆ ಬಿದ್ದು ಬದುಕಿದ್ದ ಸುಮಾರು ನೂರು ಮಂದಿಯಲ್ಲಿ ಕೊನೆಗೆ ಸಿಕ್ಕವರು ಹತ್ತು ಮಂದಿ. ಸಹಾಯಕ್ಕೆಂದು ದೋಣಿ ಹತ್ತಿದ ಆ ನಾಲ್ವರು ಬದುಕಿದರು.

ಆ ಕಡೆಯವರೂ ಇದ್ದಾರೆ. ಹಿಯೇಗೆ ತಾಗಿದ ಏಟುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗುಂಡುಗಳೂ ಇದ್ದವು. ಬೆಳಗಾದ ಮೇಲೆ ಅಮೆರಿಕದ ವಿಮಾನಗಳು ಅದನ್ನು ಬೆನ್ನಟ್ಟಿದವು. ಸಂಜೆ ಹೊತ್ತಿಗೆ ಹಿಯೇ ಮುಳುಗಿತು. ಆ ಮಹಾಯುದ್ಧದಲ್ಲಿ ಜಪಾನ್ ಕಳೆದುಕೊಂಡ ಮೊದಲ ಬ್ಯಾಟಲ್‌ಶಿಪ್ ಅದು. ಹೆಂಡರ್ಸನ್ ಫೀಲ್ಡ್ ಮೇಲೆ ಆ ರಾತ್ರಿ ಅದರ ಗುಂಡು ಬೀಳಲಿಲ್ಲ. ಅಮೆರಿಕನ್ನರು ಎರಡು ಕ್ರೂಸರ್, ನಾಲ್ಕು ಡಿಸ್ಟ್ರಾಯರ್ ಕಳೆದುಕೊಂಡರು. ಆ ಸಮುದ್ರದ ತಳದಲ್ಲಿ ಎಷ್ಟು ಹಡಗುಗಳಿವೆ ಅಂದರೆ ಅದಕ್ಕೆ ಉಕ್ಕಿನ ತಳದ ಕೊಲ್ಲಿ ಎಂಬ ಅರ್ಥದ ಹೆಸರೇ ಬಿದ್ದಿದೆ. ನಾನು ಇಲ್ಲಿ ಆರಿಸಿದ ಹೆಸರಿನ ಜೊತೆಗೆ ಆ ಕಡೆಯ ಹೆಸರಿಲ್ಲದ ಒಬ್ಬನನ್ನೂ ನೆನೆಯುತ್ತೇನೆ. ಅವನೂ ಬ್ರಿಜ್‌ನಲ್ಲಿ ಬಾವುಟ ಹಿಡಿದವನಾಗಿರಲಿ ಅಂತ.

ಹೊರಡುವ ಮುನ್ನ

ಹತ್ತು ನಿಮಿಷ ಸಮುದ್ರ ನೋಡಿ. ಈಗ ಅದು ಬೇರೆ ಕಾಣುತ್ತದೆ. ಬಂಡೆಯ ಮೇಲೆ ಮೈಲ್ ರಾಕ್ಸ್ ದೀಪಸ್ತಂಭದ ಮೊಟಕು ಉಳಿಕೆ ಕಾಣುತ್ತದೆ. ಆಚೆ ದಡದಲ್ಲಿ ಪಾಯಿಂಟ್ ಬೊನಿಟಾ. ಇವೆರಡರ ನಡುವಿನ ದಾರಿಯಲ್ಲೇ ಕಂಟೇನರ್ ಹಡಗುಗಳು ಗೋಲ್ಡನ್ ಗೇಟ್‌ಗೆ ಬರುತ್ತವೆ. 1942ರ ಡಿಸೆಂಬರ್ 11ರಂದು ತೂತು ಬಿದ್ದ ಮೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತನ್ನ ಹೆಸರಿನ ಊರಿಗೆ ಬಂದದ್ದೂ ಇದೇ ದಾರಿಯಲ್ಲಿ. ಈ ತುಂಡುಗಳು ಆಗ ಅದರ ಮೈ ಮೇಲೇ ಇದ್ದವು. ಫೆಬ್ರವರಿಯಲ್ಲಿ ರಿಪೇರಿ ಮುಗಿಸಿ ಮತ್ತೆ ಹೊರಟಾಗ ಇರಲಿಲ್ಲ. ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಹಡಗಿಗೆ 17 ಬ್ಯಾಟಲ್ ಸ್ಟಾರ್, ಅಂದರೆ ಕಾದಾಟಗಳಲ್ಲಿ ಭಾಗವಹಿಸಿದ್ದಕ್ಕೆ ಕೊಡುವ ಗೌರವ, ಬಂದಿದ್ದವು.

ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತಂದಿದ್ದರೆ ಈಗ ಕುಡಿಯಿರಿ. ನಾವು ಚಕ್ಕುಲಿ ತಿನ್ನುತ್ತ ಕೆಳಗಿನ ಸೂಟ್ರೋ ಬಾತ್ಸ್ ಕಡೆ ಇಳಿಯುತ್ತೇವೆ. 1896ರಲ್ಲಿ ತೆರೆದು 1966ರಲ್ಲಿ ಸುಟ್ಟುಹೋದ ದೊಡ್ಡ ಈಜುಕೊಳಗಳ ಅವಶೇಷ ಅದು. ಮಕ್ಕಳಿಗೆ ಅಲ್ಲಿ ಓಡಲು ಜಾಗ ಇದೆ, ಅಲೆಯ ಹತ್ತಿರ ಮಾತ್ರ ಬಿಡಬೇಡಿ. ಸೂರ್ಯ ಮುಳುಗುವ ಮೊದಲು ಕಾರಿಗೋ ಬಸ್ಸಿಗೋ ಹೊರಡಿ. ಕತ್ತಲಾದರೆ ಚಳಿ ಒಮ್ಮೆಲೇ ಬೀಳುತ್ತದೆ.

ದಿನ ಆರಿಸಲು ಸಾಧ್ಯವಿದ್ದರೆ ನವೆಂಬರ್ 12ರ ಬೆಳಿಗ್ಗೆ ಹೋಗಿ. ಗ್ವಾಡಲ್‌ಕೆನಾಲ್‌ನಲ್ಲಿ 13ರ ಬೆಳಗಿನ ಜಾವ ಎರಡು ಗಂಟೆ ಹತ್ತಿರವಾಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ 12ರ ಬೆಳಿಗ್ಗೆ. ಊರಿನ ಜನ ಕೆಲಸಕ್ಕೆ ಹೊರಡುತ್ತಿದ್ದ ಹೊತ್ತು. ನನ್ನ ಆರು ತಿಂಗಳು ಅಕ್ಟೋಬರಿಗೆ ಮುಗಿಯುತ್ತದೆ, ಆ ದಿನ ನಾನು ಹೊನ್ನಾವರದಲ್ಲಿರುತ್ತೇನೆ. ಮೊಮ್ಮಗನನ್ನು ಕರೆದುಕೊಂಡು ತಾನು ಹೋಗುತ್ತೇನೆ ಅಂತ ಮಗಳು ಹೇಳಿದ್ದಾಳೆ. ನಾನು ಆರಿಸಿದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕಾರಿನಲ್ಲಿ ಇಟ್ಟಿದ್ದೇನೆ.